ಆ ಸಾಲಿಗೆ ಒಂದು ಮಾತು ಸೇರಿಸಿ, ವಿಭಾ ಅಜ್ಜಿ

ಗದಗ, ೨೨೧೪ನೆಯ ಇಸವಿ, ಫೆಬ್ರವರಿ ೨೦

ಪ್ರೀತಿಯ ವಿಭಾ ಅಜ್ಜಿ,

ನನ್ನ ಮದುವೆ ಆಯಿತು ಅಜ್ಜಿ, ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗ ನಿಹಾರನ ಜೊತೆ! ನಾನು ಇಳಾ, ನಿಮ್ಮ ಮನೆಯ ಹೊಸ ಸೊಸೆ. ಈ ಪತ್ರ ತಲುಪುವ ನಿಮ್ಮ ಕಾಲದಲ್ಲಿ ನಿಮಗೆ ಇನ್ನೂ ಇಪ್ಪತ್ತೆಂಟು, ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಾನು ಇಂಗ್ಲಿಷಿನಲ್ಲಿ ಓದಿದವಳು, ಅದರ ಮೇಲೆ ಇಷ್ಟು ತಲೆಮಾರು ಆಚೆಯವಳು. ಮಾತು ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮಿಸಿ.

ಇಷ್ಟೆಲ್ಲ ಸಂತೋಷವಿದ್ದರೂ ನಾನಿನ್ನೂ ಹೊರಗಿನ ಕಟ್ಟೆಯ ಮೇಲೆಯೇ ಇದ್ದೇನೆ. ಈ ಮನೆಯಲ್ಲಿ ‘ಕರೆ’ ಎಂಬ ಶಾಸ್ತ್ರವಿದೆ. ಸೊಸೆ ಬಾಗಿಲಿಗೆ ಬಂದಾಗ ಮನೆಯ ಕಂಪ್ಯೂಟರನ್ನು ಆರಿಸಿ ಹೊಸದಾಗಿ ಶುರು ಮಾಡುತ್ತಾರೆ. ಅದು ಏಳುತ್ತಲೇ ನಿಮ್ಮ ದನಿ “ಒಳಗ ಬಾ, ಮಗಾ” ಎನ್ನಬೇಕು. ಆ ದನಿ ಇರುವುದು ಮೇಲಿನ ಕೋಣೆಯ ದನಿಕಣಜದಲ್ಲಿ, ಅಂದರೆ ನಿಮ್ಮ ಕಾಲದ ಸರ್ವರಿನಲ್ಲಿ. ಅಲ್ಲಿನ ಫೋಲ್ಡರ್ ನೆಟ್‌ವರ್ಕಿನ ಮೂಲಕ ಕೆಳಗೆ ಬರಬೇಕು. ಬರುತ್ತಿಲ್ಲ! ಎಷ್ಟು ಸಲ ಶುರು ಮಾಡಿದರೂ ಫೋಲ್ಡರ್ ಖಾಲಿ. ಅತ್ತೆಯ ಮದುವೆಯಲ್ಲಿ ನೆಟ್‌ವರ್ಕಿಗೆ ತಂತಿ ಇತ್ತಂತೆ. ಈಗ ವೈಫೈ, ಅದು ನಿಧಾನವಾಗಿ ಏಳುತ್ತದೆ. ಅಷ್ಟರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಒಮ್ಮೆ ಫೋಲ್ಡರ್ ಕೇಳಿ, ಸಿಗದೆ, ಸುಮ್ಮನಾಗಿಬಿಡುತ್ತದೆ.

ನಿಹಾರ ಕೈಯಾರೆ ಮೌಂಟ್ ಮಾಡಿದ, ಅಂದರೆ ಆ ಫೋಲ್ಡರನ್ನು ತಾನೇ ಕೆಳಗೆ ತಂದು ಜೋಡಿಸಿದ. ತಕ್ಷಣ ನೀವು ಕರೆದಿರಿ, ನಾನು ಬಲಗಾಲು ಎತ್ತಿದೆ, ಅತ್ತೆ ತಡೆದರು.

“ಎಬ್ಬಿಸಿ ಕರಿಸಿದ್ರ ಅದು ಕರಿಯೋದಾತೇನು? ತಾವಾಗೇ ಕರೀಬೇಕು.”

“ಯವ್ವಾ, ಅಜ್ಜಿಗೆ ಸಿಟ್ಟು ಬಂದಿಲ್ಲ. ನೆಟ್‌ವರ್ಕ್ ತಡಾ ಆಗೇತಿ.”

“ನಿನ್ನಂಗ. ಮುಹೂರ್ತಕ್ಕ ನೀನೂ ತಡಾನ ಬಂದಿದ್ದಿ.”

ಹಾಗಾದರೆ ತಿದ್ದಿ ಎಂದೆ. ತಿದ್ದುವಂತಿಲ್ಲವಂತೆ! ಕಂಪ್ಯೂಟರ್ ಎದ್ದಾಗ ಯಾವ ಫೋಲ್ಡರನ್ನು ಎಲ್ಲಿಂದ ತರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನ ಆ ಸಾಲು ನೀವೇ ಬರೆದದ್ದು. ಪ್ರತಿ ಆಯುಧಪೂಜೆಗೆ ಅದನ್ನು ಪರದೆಯ ಮೇಲೆ ತೆರೆದು ಕುಂಕುಮ ಏರಿಸುತ್ತಾರೆ. ಒಂದು ಅಲ್ಪವಿರಾಮವನ್ನೂ ಯಾರೂ ಮುಟ್ಟುವುದಿಲ್ಲ. ಅಂದಮೇಲೆ ನೀವೇ ತಿದ್ದಬೇಕು.

ಏನೆಂದು ತಿದ್ದಬೇಕು ಎಂಬುದೇ ಗೊಂದಲ. ನಿಹಾರ ‘ನೆಟ್‌ಡೆವ್’ ಸೇರಿಸಿ ಎನ್ನುತ್ತಾನೆ, ಅಂದರೆ ನೆಟ್‌ವರ್ಕ್ ಬಂದಮೇಲೆ ಕೇಳು ಎಂದು. ನಾದಿನಿ ‘ಆಟೋಮೌಂಟ್’ ಎನ್ನುತ್ತಾಳೆ, ಯಾರಾದರೂ ಫೋಲ್ಡರ್ ತೆರೆದಾಗ ತಾ ಎಂದು. ಅವಳ ಪ್ರಕಾರ, ನೆಟ್‌ವರ್ಕ್ ಬಂತೆಂದು ಕಂಪ್ಯೂಟರ್ ನಂಬಿದರೂ ಅದು ಪೂರ್ತಿ ಬಂದಿರುವುದಿಲ್ಲವಂತೆ. ಬಂದೂ ಬಂದಿಲ್ಲ ಅಂದರೇನು ಅಜ್ಜಿ? ಕಟ್ಟೆಯ ಮೇಲೆ ಕೂತ ನನ್ನ ಹಾಗೆಯೇ? ಇನ್ನೊಂದು: ನೀವು ತಿದ್ದಿಬಿಟ್ಟರೆ ನಾನು ಇಲ್ಲಿ ಕೂತಿರುವುದೇ ಇಲ್ಲ, ಈ ಪತ್ರವೂ ಇಲ್ಲ, ಆಗ ನಿಮಗೆ ಹೇಳಿದವರು ಯಾರು? ತಲೆ ತಿರುಗಿತು, ಅಲ್ಲಿಗೇ ಬಿಟ್ಟೆ.

ಹೊಸದಾಗಿ ಮದುವೆಯಾದವರು ಹಿರಿಯರ ಆಶೀರ್ವಾದಕ್ಕೆ ಒಮ್ಮೆ ಹಿಂಬಂಡಿ ಹತ್ತಬಹುದು. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ರೈಲು. ನಿಮ್ಮ ಮುಂದೆಯೇ ಕೂತು ಆ ಸಾಲು ತಿದ್ದಿಸಿಕೊಂಡು ಹೋಗುತ್ತೇನೆ. ಅದಕ್ಕೂ ಮೊದಲು ಒಂದು ಆಸೆ: ನಿಮ್ಮ ಬಾಗಿಲಲ್ಲಿ ನಾನು ಕಂಡ ಕೂಡಲೇ, ಯಾರೂ ಹೇಳಿಕೊಡದ ಹಾಗೆ, ನೀವೇ ಒಮ್ಮೆ ಒಳಗೆ ಕರೆಯಿರಿ. ಹೀಗೆ ಕೇಳಿಕೊಂಡೆನೆಂದು ಅತ್ತೆಗೆ ಮಾತ್ರ ತಿಳಿಯಬಾರದು. ನಿಮ್ಮ ಕಾಲದ ಬರುವ ಗುರುವಾರ ಬೆಳಿಗ್ಗೆ, ಹುಬ್ಬಳ್ಳಿ ಕಡೆಯಿಂದ ಗದಗಕ್ಕೆ ಬರುವ ಹಿಂಬಂಡಿಯಲ್ಲಿ ಇಳಿಯುತ್ತೇನೆ.