ಮಾವ ಕಾಯಿಸಿದ ಭೂಮಿ

ಕುಲುಮೆಮನೆ,
ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ಗುಬ್ಬಿಗೆ ಸೋದರಮಾವನ ಆಶೀರ್ವಾದಗಳು.

ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಊಟ ಈಗಲಾದರೂ ಬಾಯಿಗಿಡುವಂತಿದೆಯೇ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನಮ್ಮ ಮಾತ್ರ ನಿನ್ನ ಕಾಗದ ಬಂದಾಗಿನಿಂದ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಾಳೆ. ಒಂದು ಪತ್ರಿಕೆಯಲ್ಲಿ ಫೇಲಾದೆನೆಂದು ಓದನ್ನೇ ಬಿಟ್ಟು, ಭಾನುವಾರ ಪೆಟ್ಟಿಗೆ ಸಮೇತ ಬಂದುಬಿಡುತ್ತೇನೆ ಎಂದರೆ ಹೆತ್ತವಳು ಏನು ಮಾಡಬೇಕು? ಅದೂ ಎಂಥ ಪತ್ರಿಕೆ! ಭೂಮಿ ಹೇಗಾಯಿತು, ಜೀವ ಎಲ್ಲಿಂದ ಬಂತು ಎಂದು ಹಿಂದಿನ ಕಾಲದ ಪಂಡಿತರು ತಲೆ ಕೆಡಿಸಿಕೊಂಡ ಕಥೆ. ಎಲ್ಲರೂ ತಪ್ಪೇ ಹೇಳಿದ್ದಾರೆ, ಅವರ ತಪ್ಪನ್ನು ನಾನೇಕೆ ಬಾಯಿಪಾಠ ಮಾಡಲಿ ಎಂದು ಬರೆದಿದ್ದೀಯ.

ನೀನು ರಜೆಯಲ್ಲಿ ಬಿಟ್ಟುಹೋದ ನೋಟ್‌ಬುಕ್ಕನ್ನು ನಾನು ಪೂರ್ತಿ ಓದಿದೆ. ಏಳನೇ ಕ್ಲಾಸಿಗೇ ನಮ್ಮ ಮೇಷ್ಟ್ರು ‘ಇನ್ನು ನಿನಗೆ ಕಲಿಸೋಕೆ ನನ್ನ ಹತ್ರ ಏನೂ ಉಳಿದಿಲ್ಲ, ಹೋಗಪ್ಪಾ’ ಎಂದು ಕೈಮುಗಿದಿದ್ದರು; ಅಂಥ ತಲೆ ಇದು. ಕೊಳಕು ಬಟ್ಟೆಯನ್ನೂ ಗೋಧಿಯನ್ನೂ ಗಡಿಗೆಯಲ್ಲಿ ಮುಚ್ಚಿಟ್ಟರೆ ಮೂರು ವಾರಕ್ಕೆ ಇಲಿ ಹುಟ್ಟುತ್ತದೆ ಎಂದು ಒಬ್ಬ ಬರೆದಿದ್ದನಂತೆ. ಓದಿ ಹೇಳಿದರೆ ನಿನ್ನಮ್ಮ, ‘ನಿನ್ನ ಅಂಗಿಗಾದ್ರೆ ಗೋಧಿನೂ ಬೇಡ ಕಣೋ, ಆನೇನೇ ಹುಟ್ಟುತ್ತೆ’ ಎಂದಳು.

ನನಗೆ ಹಿಡಿಸಿದವನು ಇನ್ನೊಬ್ಬ. ಭೂಮಿ ಮೊದಲು ಕೆಂಡದುಂಡೆಯಾಗಿತ್ತು, ಆರುತ್ತಾ ಆರುತ್ತಾ ಹೀಗಾಯಿತು ಎಂದವನು. ಅದರ ವಯಸ್ಸು ತಿಳಿಯಲು ಸಣ್ಣವು ದೊಡ್ಡವು ಕಬ್ಬಿಣದ ಗುಂಡುಗಳನ್ನು ಕಾಯಿಸಿ, ಕೈಯಲ್ಲಿ ಹಿಡಿಯುವಷ್ಟು ಆರಲು ಎಷ್ಟು ಹೊತ್ತು ಬೇಕೆಂದು ನೋಡಿದನಂತೆ. ಅವನಿಗೆ ಕುಲುಮೆ ಯಾರದಿತ್ತೋ ಏನೋ, ನನಗೆ ಸ್ವಂತದ್ದು! ನಿಂಬೆಯಿಂದ ತೆಂಗಿನಕಾಯಿ ಗಾತ್ರದವರೆಗೆ ಐದು ಗುಂಡು ಬಡಿದೆ. ಅಂಚೆಯಣ್ಣ ಗಡಿಯಾರ ಹಿಡಿದು ಕೂತ. ಬೀದಿಗೆ ಬೀದಿಯೇ ನೆರೆಯಿತು. ನಾಲ್ಕು ಗುಂಡು ಮರಳಿನ ಮೇಲೆ ತಾವಾಗಿಯೇ ಆರಿದವು, ಒಂದಕ್ಕಿಂತ ಒಂದು ನಿಧಾನ. ಐದನೆಯದೇ ಭೂಮಿತಾಯಿ. ಬೆಳಗಿನಿಂದ ಕಾಯಿಸಿ, ನಿಗಿನಿಗಿ ಹೊಳೆಯುತ್ತಿದ್ದುದನ್ನು ಇಕ್ಕಳದಲ್ಲಿ ಎತ್ತಿದೆ, ‘ಎಲ್ಲಾ ಹಿಂದೆ ಸರೀರಿ’ ಎಂದೆ. ಮೂವತ್ತು ವರ್ಷದ ಅಭ್ಯಾಸ ನೋಡು, ಕೈ ತಾನಾಗಿ ಹೋಗಿ ಗುಂಡನ್ನು ನೀರಿನ ತೊಟ್ಟಿಗೆ ಅದ್ದಿಬಿಟ್ಟಿತು. ಚುಂಯ್! ಹಬೆಯಲ್ಲಿ ಬೀದಿ ಕಾಣಲಿಲ್ಲ, ನಗು ಮಾತ್ರ ಕೇಳಿಸಿತು. ಅಂಚೆಯಣ್ಣ, ‘ಭೂಮಿ ವಯಸ್ಸು ಮೂರು ನಿಮಿಷ ಅಂತ ಬರ್ಕೊಳ್ಲಾ ಯಜಮಾನ್ರೇ?’ ಎಂದ. ನಾನು ಬಿಡುತ್ತೇನೆಯೇ? ‘ಆ ಪಂಡಿತ ಸಮುದ್ರ ಮರ್ತಿದ್ದ, ನಾನು ಸೇರಿಸ್ದೆ’ ಎಂದೆ.

ನಾಳೆ ಮತ್ತೆ ಕಾಯಿಸುತ್ತೇನೆ. ನಿನ್ನಮ್ಮ ಈಗಲೇ ತೊಟ್ಟಿ ಖಾಲಿ ಮಾಡಿಸಿದ್ದಾಳೆ. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಮಲಗು.

ಇಂತಿ,
ಈ ಬೀದಿಯ ಏಕೈಕ ವಿಜ್ಞಾನಿ,
ನಿನ್ನ ಮಾವ

ಮರೆತಿದ್ದೆ: ಅಂಚೆಯಣ್ಣ ಬಾಗಿಲಲ್ಲಿ ಸೈಕಲ್ ಬೆಲ್ಲು ಬಾರಿಸುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಐದನೇ ಗುಂಡು ಆರುವ ಹೊತ್ತೇನೋ ನಾಳೆ ಸಿಗುತ್ತದೆ. ಅಲ್ಲಿಂದ ಇಡೀ ಭೂಮಿಯ ಗಾತ್ರಕ್ಕೆ ಲೆಕ್ಕ ಏರಿಸುವುದು ಹೇಗೆಂದು ನನಗೆ ಗೊತ್ತಿಲ್ಲ ಮಗಳೇ. ನಿನ್ನ ನೋಟ್‌ಬುಕ್ಕು ಅಲ್ಲಿಗೇ ನಿಂತಿದೆ, ಮುಂದಿನ ಪುಟ ಖಾಲಿ. ಬೀದಿಗೆಲ್ಲ ಮಾತ್ರ ನನಗೆ ಗೊತ್ತು ಎಂದು ಹೇಳಿಬಿಟ್ಟಿದ್ದೇನೆ. ಪೆಟ್ಟಿಗೆ ಕಟ್ಟಿದ್ದರೆ ಬಿಚ್ಚು. ಆ ಪತ್ರಿಕೆಗೆ ಇನ್ನೊಮ್ಮೆ ಕೂತು, ಲೆಕ್ಕ ಕಲಿತೇ ಬಾ. ಅಲ್ಲಿಯವರೆಗೆ ಯಾರು ಕೇಳಿದರೂ ಗುಂಡು ಇನ್ನೂ ಬಿಸಿಯಿದೆ ಎನ್ನುತ್ತೇನೆ.