ಕೇದಗೆ ನಡೆದಷ್ಟು ದೂರ

ನವೆಂಬರ್ ೧೨, ಮಂಗಳವಾರ. ಸಂಜೆ

ಮೀಟಿಂಗಿನ ನೋಟಿಸು ಬರೆದಾಯಿತು. ನಾಲ್ಕು ಜನರ ಟ್ರಸ್ಟಿಗೆ ನೋಟಿಸು ಬೇರೆ ಕೇಡು ಎಂದು ದಾಸಣ್ಣ ಪ್ರತಿ ಸಲ ನಗುತ್ತಾರೆ. ನಗಲಿ. ಅಧ್ಯಕ್ಷರು ಮಧುಸೂದನ ಮಾಸ್ತರು, ನಮ್ಮ ಹೈಸ್ಕೂಲಿನಿಂದಲೇ ನಿವೃತ್ತರಾದವರು. ದಾಸಣ್ಣ ಮೂವತ್ತು ವರ್ಷ ದೋಣಿಗೆ ಹೋದವರು. ಸುಚಿತಾ ಹೊನ್ನಾವರದ ಲ್ಯಾಬಿನಲ್ಲಿದ್ದಾಳೆ, ರವಿವಾರ ಮಾತ್ರ ಸಿಗುತ್ತಾಳೆ. ಕಾರ್ಯದರ್ಶಿ ನಾನು, ಅದೇ ಹೈಸ್ಕೂಲಿನ ಟೀಚರು, ಊರಿಗೆಲ್ಲ ಅಕ್ಕೋರು.

ನಾಳೆ ಸರ್ವೆಯವರು ಬರುತ್ತಾರೆ. ಬಾಡ ಊರಿನ ಕಡಲ ಬದಿಯ ನೆಲಕ್ಕೆ. ರಿಸಾರ್ಟಿನವರ ಕೈಗೆ ಹೋಗಬಾರದೆಂದು ಮಾಸ್ತರು ಟ್ರಸ್ಟಿಗೆ ಬರೆದುಕೊಟ್ಟದ್ದು. ಹಳೆ ನಕ್ಷೆ ಹರಿದಿದೆ, ಹೊಸದು ಬೇಕು. ಅಷ್ಟೇ ಕೆಲಸ.

ಸುರಹೊನ್ನೆ ಗಿಡಗಳಿಗೆ ನೀರು ಹಾಕಿ ಬಂದೆ. ಗಿಡ ಎನ್ನುವ ಹಾಗಿಲ್ಲ ಈಗ. ನನಗಿಂತ ಎತ್ತರ.

ನವೆಂಬರ್ ೧೩, ಬುಧವಾರ

ಗಡಿಕಲ್ಲು ಸಿಕ್ಕಿತು. ಸಿಗಬಾರದ ಜಾಗದಲ್ಲಿ.

ಸರ್ವೆಯವರು ಟೇಪು ಎಳೆದು, ಮರಳು ಅಗೆಸಿ, "ಇದೇ ನೋಡ್ರಿ ನಿಮ್ಮ ಪಡುವಣ ಕಲ್ಲು" ಎಂದರು. ನಾವು ಗಡಿ ಎಂದುಕೊಂಡಿದ್ದ ಕೇದಗೆ ಮೆಳೆ ಅಲ್ಲಿಂದ ಕಡಲಿನ ಕಡೆಗೆ ಇಪ್ಪತ್ತೆಂಟು ಅಡಿ ಆಚೆಗಿದೆ.

ಮಾಸ್ತರು, "ನಮ್ಮಪ್ಪ ತೋರ್ಸಿದ್ದೇ ಈ ಮೆಳೆ" ಎಂದರು. ತೋರಿಸಿದ್ದಿರಬಹುದು. ಅದು ಅರವತ್ತು ವರ್ಷದ ಹಿಂದೆ. ಆಮೇಲೆ ಕಡಲು ಹಿಂದೆ ಸರಿದಿದೆ, ಮರಳು ಬಿದ್ದಿದೆ, ಕೇದಗೆ ಬಾಗಿ ನೆಲ ಮುಟ್ಟಿ ಬೇರು ಬಿಟ್ಟು ಹೊಸ ಮರಳಿನ ಮೇಲೆ ಮುಂದೆ ಹೋಗಿದೆ. ಹಿಂದಿನದು ಸತ್ತಿದೆ. ಗಡಿಯೇ ನಡೆದುಹೋಗಿದೆ. ನಾವು ಅದರ ಹಿಂದೆ ಹೋಗಿದ್ದೇವೆ.

ಸರ್ವೆಯವರ ದಾಖಲೆಯ ಪ್ರಕಾರ ಆ ಇಪ್ಪತ್ತೆಂಟು ಅಡಿ ಮೀನು ಮಾರುವ ಗಣಪಿಯದು.

ನಲವತ್ತೊಂದು ಸುರಹೊನ್ನೆ ಇರುವುದು ಅಲ್ಲಿಯೇ.

ಅದೇ ದಿನ, ಮತ್ತೆ

ಬರೆದುಬಿಡಬೇಕು. ನಾಲ್ಕು ವರ್ಷದ ಹಿಂದೆ ಗಣಪಿಯನ್ನು ಅಲ್ಲಿಂದ ಎಬ್ಬಿಸಿದವಳು ನಾನು.

ಅವಳು ಆ ಮರಳಿನಲ್ಲಿ ಮೀನು ಒಣಗಿಸುತ್ತಿದ್ದಳು. ತಾರ್ಲೆ, ಶೆಟ್ಲಿ. ಅವಳ ಅತ್ತೆಯೂ ಅಲ್ಲೇ ಒಣಗಿಸಿದವಳಂತೆ. "ಇದು ನಮ್ದೇ ಜಾಗ ಅಕ್ಕೋರೆ" ಎಂದಳು. ನಾನು ಪತ್ರ ತೆಗೆದು ಓದಿದೆ: "ಪಡುವಣಕ್ಕೆ ಕೇದಗೆ ಮೆಳೆ, ಅದರಾಚೆ ಕಡಲು." ಮತ್ತೊಮ್ಮೆ ಓದಿದೆ, ಇನ್ನೂ ನಿಧಾನವಾಗಿ. ಎಷ್ಟು ಚಂದದ ಸಾಲು ಅನ್ನಿಸಿತ್ತು ಆಗ. ಸರ್ವೆ ನಂಬರು, ಅಳತೆ ಎಲ್ಲ ಅದರ ಕೆಳಗೇ ಇತ್ತು. ಅಲ್ಲಿಗೆ ನನ್ನ ಕಣ್ಣು ಹೋಗಲಿಲ್ಲ. ಕವಿತೆ ಓದಿ ಅಭ್ಯಾಸವಾದವಳು, ಚಂದವಿದ್ದದ್ದು ನಿಜವೂ ಇರುತ್ತದೆ ಎಂದುಕೊಂಡೆ.

ಅವಳ ಜೊತೆಗೆ ಮೂವರು ಹೆಂಗಸರು ಇದ್ದರು. ಅವರ ಎದುರಿಗೇ ಅವಳು ಚಾಪೆ ಸುತ್ತಿದಳು. ಆ ಮಳೆಗಾಲದಲ್ಲೇ ಅಲ್ಲಿ ನಾನು ಸುರಹೊನ್ನೆ ನೆಟ್ಟೆ.

ನವೆಂಬರ್ ೧೭, ರವಿವಾರ

ಮಾಸ್ತರ ಜಗಲಿಯಲ್ಲಿ ಮೀಟಿಂಗ್. ನಮ್ಮ ಪದ್ಧತಿ: ಚಿಕ್ಕವರು ಮೊದಲು ಮಾತಾಡಬೇಕು, ಒಬ್ಬರು ಬೇಡವೆಂದರೂ ಠರಾವು ಇಲ್ಲ.

ಸುಚಿತಾ: "ಗಣಪಿಗೆ ಹೇಳ್ಬೇಕು. ಅದ್ರಲ್ಲಿ ಎಂತ ಚರ್ಚೆ?"

ನನ್ನ ಸರದಿ. "ಯೋಚನೆ ಮಾಡಬೇಕು" ಎಂದೆ. ಸುಚಿತಾ ನನ್ನ ಮುಖವನ್ನೇ ನೋಡಿದಳು. ಅವಳ ಮುಖ ನೋಡಲಾಗದೆ ಚಹಾ ಕುಡಿದೆ. ಹೇಳಿದರೆ ಮರ ಹೋಗುತ್ತದೆ. ನೆರಳಿನಲ್ಲಿ ಮೀನು ಒಣಗುವುದಿಲ್ಲ.

ದಾಸಣ್ಣ: "ಅಕ್ಕೋರಿಗೆ ಮರದ ಚಿಂತೆ. ಮಾಸ್ತರಿಗೆ ಮಾನದ ಚಿಂತೆ. ಮೀನಿನ ಚಿಂತೆ ಮಾಡೂಕೆ ಇಲ್ಲಿ ನಾ ಒಬ್ನೇ."

ಮಾಸ್ತರು ನಗಲಿಲ್ಲ. "ದಾಸ, ನೀ ಸುಮ್ನೆ ಕೂಡು. ನಾಳೆ ಅವ್ಳ ಮಕ್ಳು ರಿಸಾರ್ಟಿಗೆ ಮಾರಿದ್ರೆ? ಹತ್ತು ವರ್ಷ ಕಾದದ್ದು ಎಂತಕ್ಕೆ?"

"ಮಾರ್ಲಿ ಬಿಡ್ಲಿ. ಅವ್ಳದ್ದು ಅವ್ಳಿಗೆ ಕೊಡೂಕೆ ನಮ್ದೊಂದು ಷರತ್ತು ಬೇರೆ?"

ಮಾಸ್ತರು ಬೇಡವೆಂದರು. ಠರಾವು ಆಗಲಿಲ್ಲ. ಸಭೆಯ ವರದಿಯಲ್ಲಿ "ಮುಂದೂಡಲಾಯಿತು" ಎಂದು ಬರೆದೆ. ಬರೆಯುವಾಗ ನಿರಾಳ ಅನ್ನಿಸಿತು. ಇಲ್ಲಿಯೂ ಸುಳ್ಳು ಬರೆದರೆ ಹೇಗೆ... ನಿರಾಳವೇ ಅನ್ನಿಸಿತು.

ಡಿಸೆಂಬರ್ ೫, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ನೀರು ಹಾಕಲೂ ಹೋಗಲಿಲ್ಲ.

ಇವತ್ತು ಶಾಲೆಯಿಂದ ಬರುವಾಗ ರಸ್ತೆ ಬದಿಯಲ್ಲಿ ಗಣಪಿ. ನಾಲ್ಕು ವರ್ಷದಿಂದ ಅವಳು ಟಾರಿನ ಅಂಚಿನಲ್ಲೇ ಚಾಪೆ ಹಾಸುವುದು. ದಿನವೂ ನೋಡಿದ್ದೇ. ಇವತ್ತು ಒಂದು ಟೆಂಪೊ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಚಾಪೆಯ ಮೇಲೆಯೇ ಹತ್ತಿತು. ನಿಲ್ಲಲಿಲ್ಲ. ಗಣಪಿ ಬಯ್ಯಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಜಜ್ಜಿದ್ದನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಆರಿಸತೊಡಗಿದಳು. ಒಂದೊಂದನ್ನೂ ಊದಿ ಊದಿ.

ಅವಳು ಬಯ್ಯದೇ ಇದ್ದದ್ದು ನೋಡಲಾಗಲಿಲ್ಲ. ಅದು ಅವಳಿಗೆ ರೂಢಿಯಾಗಿದೆ. ರೂಢಿ ಮಾಡಿಸಿದವಳು ನಾನು.

ಸೀದಾ ಮಾಸ್ತರ ಮನೆಗೆ ಹೋದೆ. ಕಂಡದ್ದನ್ನು ಹೇಳಿದೆ. ಮಾಸ್ತರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಬರಿ ಠರಾವು. ಸಹಿ ಹಾಕ್ತೆ. ಹೇಳೂಕೆ ಮಾತ್ರ ನೀನೇ ಹೋಗು, ನಂಗೆ ಅವ್ಳ ಮುಖ ನೋಡೂಕೆ ಆಗುದಿಲ್ಲ."

ನನಗೆ ಆಗುತ್ತದೆಯೇ?

ಡಿಸೆಂಬರ್ ೮, ರವಿವಾರ

ಹೋದೆ. ನಕ್ಷೆಯ ಪ್ರತಿ, ಎಲ್ಲರ ಸಹಿ ಇರುವ ಠರಾವು ಹಿಡಿದುಕೊಂಡು. ಗಣಪಿ ಅಂಗಳದಲ್ಲಿ ಬಲೆಯ ತೂತು ಹೊಲಿಯುತ್ತಿದ್ದಳು. ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ. ಜಾಗ ನಿನ್ನದು, ತಪ್ಪು ನನ್ನದು, ಮರ ಏನು ಮಾಡಬೇಕೋ ನೀನೇ ಹೇಳು. ಶಾಲೆಯಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ ಮೂರೇ ವಾಕ್ಯಕ್ಕೆ ಮಾತು ಮುಗಿಯಿತು.

ಅವಳು ಕೈಯ ಸೂಜಿ ನಿಲ್ಲಿಸಲಿಲ್ಲ.

"ಆವತ್ತು ಎಷ್ಟು ಜನ ಇದ್ರು ಅಕ್ಕೋರೆ?"

"ಮೂರು. ತಿಮ್ಮಕ್ಕ, ಚೌಡಮ್ಮ, ಪೂರ್ಣಿಮಾ."

"ನೆನಪದೆ ಹಾಗಾರೆ." ಸೂಜಿ ನಿಂತಿತು. "ಅವ್ರ ಎದುರಿಗೆ ನನ್ನ ಕಳ್ಳಿ ಮಾಡಿದ್ರಿ. ನೀವು ಅಂದಿಲ್ಲ ಹೌದು. ಓದಿದ್ರಿ. ಓದಿದ್ದಕ್ಕೆ ಎದುರು ಹೇಳೂಕೆ ನಂಗೆ ಬತ್ತದಾ? ಪ್ಯಾಟಿಯಲ್ಲಿ ಈಗ್ಲೂ ಕೇಳ್ತ್ರು, 'ಟ್ರಸ್ಟಿನ ಜಾಗ ಒಳಗೆ ಹಾಕೂಕೆ ಹೋಗಿದ್ಯಲೆ' ಅಂತ."

ನಾನು ಠರಾವನ್ನು ಅವಳ ಕಡೆ ಚಾಚಿದೆ.

"ಆ ಮೂರೂ ಜನ್ರ ಎದುರಿಗೆ, ಅದೇ ಜಾಗದಲ್ಲಿ ನಿಂತು ಹೇಳಿ. ಕಾಗದ ಓದೂದು ಬ್ಯಾಡ. ಬಾಯಲ್ಲಿ ಹೇಳಿ. ಮರದ್ದು ಆಮೇಲೆ."

ಆತು ಎಂದೆ.

ಡಿಸೆಂಬರ್ ೧೪, ಶನಿವಾರ

ಪೂರ್ಣಿಮಾ ಈಗ ಮುರ್ಡೇಶ್ವರದ ಲಾಡ್ಜಿನಲ್ಲಿ ಕೆಲಸಕ್ಕಿದ್ದಾಳೆ. ಹುಡುಕಿಕೊಂಡು ಹೋದೆ. ಬಸ್ಸಿನಲ್ಲಿ ಒಂದು ಕವಿತೆ ಪುಸ್ತಕ ಬಿಚ್ಚಿದೆ, ಒಂದು ಸಾಲೂ ತಲೆಗೆ ಹತ್ತಲಿಲ್ಲ. ವಿಷಯ ಕೇಳಿ ಅವಳು ನಕ್ಕೇ ನಕ್ಕಳು. "ಅಕ್ಕೋರು ತಪ್ಪು ಒಪ್ಪೂದು ನೋಡೂಕೆ ರಜೆ ಹಾಕಿಯಾರೂ ಬತ್ತೆ!"

ಡಿಸೆಂಬರ್ ೧೫, ರವಿವಾರ. ಮಧ್ಯಾಹ್ನ

ಹೇಳಿದೆ.

ಮೂವರೂ ಬಂದಿದ್ದರು. ದಾಸಣ್ಣ, ಸುಚಿತಾ ದೂರ ನಿಂತಿದ್ದರು. ಮಾಸ್ತರೂ ಕೊಡೆ ಹಿಡಿದುಕೊಂಡು ಬಂದರು, ಬರುವುದಿಲ್ಲ ಎಂದವರು. ನಾನು ಹೇಳಿದ್ದು ಇಷ್ಟೇ: "ಈ ಜಾಗ ಗಣಪಿಯದು. ಆವತ್ತೂ ಅವಳದೇ. ಅವಳು ನಿಜ ಹೇಳಿದ್ದಳು. ಗೊತ್ತಿಲ್ಲದೆ ಓದಿ ಎಬ್ಬಿಸಿದ್ದು ನಾನು." ಸಣ್ಣ ದನಿಯಲ್ಲೇ ಹೇಳಿದೆ. ಗಾಳಿ ಬೇರೆ.

ತಿಮ್ಮಕ್ಕನಿಗೆ ಕಿವಿ ಮಂದ. "ಎಂತ ಹೇಳ್ತು ಇದು?" ಎಂದಳು.

ಗಣಪಿ ನನ್ನ ಕಡೆ ನೋಡಿದಳು. "ಇನ್ನೊಂದ್ಸಲ ಹೇಳಿ. ಜೋರಾಗಿ."

ಹೇಳಿದೆ. ಜೋರಾಗಿ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಚೌಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆತಲೆ ಗಣಪಿ, ಇನ್ನು ಬಿಡು" ಎಂದಳು. ಗಣಪಿ ಮರಗಳ ನಡುವೆ ನಡೆದಳು. ಒಂದು ಕಾಂಡದ ಮೇಲೆ ಕೈ ಇಟ್ಟು, ನೆರಳು ಎಲ್ಲಿಯವರೆಗೆ ಬಿದ್ದಿದೆ ಎಂದು ನೋಡಿದಳು. ಇನ್ನೊಂದರದ್ದು. ಹೀಗೆ ಎಲ್ಲದರದ್ದೂ. ನಾವು ಬಿಸಿಲಲ್ಲೇ ನಿಂತಿದ್ದೆವು.

"ಎಲ್ಲ ಕಡಿಯೂದು ಬ್ಯಾಡ" ಎಂದಳು ಕೊನೆಗೆ. "ಮೀನಿಗೆ ಬಿಸ್ಲು ಬೇಕು, ನಂಗೆ ಕೂರೂಕೆ ನೆರಳೂ ಬೇಕಲೆ. ಅರ್ಧ ತೆಗೀಬೇಕು. ಮುಂದಿನ ರವಿವಾರ."

ಮಾಸ್ತರು ಏನೋ ಕೇಳಲು ಬಾಯಿ ತೆರೆದರು. ರಿಸಾರ್ಟಿನ ಮಾತೇ ಇರಬೇಕು. ಕೇಳದೆ ಕೊಡೆ ಬಿಡಿಸಿಕೊಂಡರು.

ಡಿಸೆಂಬರ್ ೨೨, ರವಿವಾರ. ಬೆಳಿಗ್ಗೆ ಏಳು

ರಾತ್ರಿ ಒಳ್ಳೆಯ ನಿದ್ದೆ. ಆಶ್ಚರ್ಯ.

ಈಗಷ್ಟೇ ಗಣಪಿ ಬಂದಳು. ಕೈಯಲ್ಲಿ ಕತ್ತಿ, ಸೊಂಟಕ್ಕೆ ಹಗ್ಗ. ಒಳಗೆ ಬಾ ಎಂದೆ, ಬರಲಿಲ್ಲ. ಚಹಾ ಮಾತ್ರ ಹೊರಗೆ ನಿಂತೇ ಕುಡಿದಳು. ಲೋಟ ಕೆಳಗಿಟ್ಟು, "ಇಪ್ಪತ್ತು ಹೋಗ್ಬೇಕು. ಯಾವ್ದು ಅಂತ ನೀ ಹೇಳು. ನೆಟ್ಟವ್ಳು ನೀನು" ಎಂದಳು.

ನೀನು. ಅಕ್ಕೋರು ಅಲ್ಲ, ನೀವು ಅಲ್ಲ.

ಎರಡು ನಿಮಿಷ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಯಾವುದನ್ನು ಹೇಳಲಿ? ಬಡಗಣದ ಸಾಲು ತೆಳ್ಳಗಿದೆ. ಕೊನೆಯದಕ್ಕೆ ಈ ವರ್ಷವೇ ಮೊದಲ ಹೂ...

"ಬಾರೇ! ಬಿಸ್ಲು ಏರ್ತು!"

ಕತ್ತಿ ಅವಳದ್ದು ಒಂದೇ ಇದೆ. ನಾನೂ ಒಂದು ಹುಡುಕಿಕೊಂಡು...