ಗೇಟಿನ ಬಳಿಯ ಕೆಂಪು ಚೌಕ

ಅಕ್ಕಾ,

ಕಾರ್ಡು ಚಿಕ್ಕದು, ಬೈಯಬೇಡ. ನೆಗಡಿ ಇಳಿದಿದೆ, ಊಟ ಸೇರುತ್ತಿದೆ. ವಿಶ್ವವಿದ್ಯಾಲಯದ ಈ ಭದ್ರತಾ ಸಂಶೋಧನೆಗೆ ಕಂಪ್ಯೂಟರಿನವರು, ಕಾನೂನಿನವರು, ಮನಶ್ಶಾಸ್ತ್ರದವರು ಎಲ್ಲ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಗೇಟಿನ ಹತ್ತಿರ ಯಾರಾದರೂ ಒಬ್ಬರೇ ಬಹಳ ಹೊತ್ತು ಸುಮ್ಮನೆ ನಿಂತರೆ ನಮ್ಮ ಕ್ಯಾಮೆರಾ ಪರದೆಯ ಮೇಲೆ ಅವರ ಸುತ್ತ ಅನುಮಾನದ ಕೆಂಪು ಚೌಕ ಹಾಕುತ್ತದೆ. ದಿನಾ ಸಂಜೆ ಅದು ವಯಸ್ಸಾದವರೊಬ್ಬರ ಮೇಲೆ ಬೀಳುತ್ತಿತ್ತು. ಅವರು ಯಾರಿರಬಹುದೆಂದು ವಾರಗಟ್ಟಲೆ ಚರ್ಚೆ ನಡೆಯಿತೇ ಹೊರತು, ಮೆಟ್ಟಿಲಿಳಿದು ಹೋಗಿ ಕೇಳುವುದು ಯಾವ ವಿಭಾಗದ ಕೆಲಸವೆಂದು ತೀರ್ಮಾನವಾಗಲಿಲ್ಲ. ನಿನ್ನೆ ನಾನೇ ಹೋದೆ.

"ಯಾರಿಗೆ ಕಾಯ್ತಿದೀರಿ, ಯಜಮಾನ್ರೇ?"

"ಮಗಳು ಇಲ್ಲೇ ಓದ್ತಿದ್ಲು. ಹೋದ ವರ್ಷ ತೀರ್ಕೊಂಡ್ಲು. ಕ್ಲಾಸ್ ಬಿಡೋ ಹೊತ್ತಾದ್ರೆ ಕಾಲು ಮನೇಲಿ ನಿಲ್ಲಲ್ಲಮ್ಮ. ಯಾರಿಗಾದ್ರೂ ತೊಂದರೆ ಆಯ್ತಾ?"

ಇಲ್ಲ ಅಂದೆ. ನಾನು ಕೇಳಿದ್ದಕ್ಕೇ ಇರಬೇಕು, ಇವತ್ತು ಅವರು ಬರಲೇ ಇಲ್ಲ. ಖಾಲಿ ಪರದೆ ನೋಡಿ ಕಂಪ್ಯೂಟರಿನವನು "ಸದ್ಯ, ಬಗೆಹರೀತು" ಅಂದ.

ನಮ್ಮ ಚಿಕ್ಕವಳು ಇಳಿಯುತ್ತಿದ್ದ ಬಸ್ಸಿಗೆ ಅಪ್ಪ ಈಗಲೂ ಸಂಜೆ ಸ್ಟಾಪಿಗೆ ಹೋಗಿ ಕಾಯುತ್ತಾರೆ, ಜನ ಏನಂದುಕೊಂಡಾರು, ಬಿಡಿಸಬೇಕು ಎಂದು ಬರೆದಿದ್ದೆಯಲ್ಲ, ಬಿಡಿಸಬೇಡ. ಅವಳು ಇಲ್ಲವೆಂದು ಅವರಿಗೂ ಗೊತ್ತು. ನೀನೂ ಹೋಗಿ ಪಕ್ಕದಲ್ಲಿ ನಿಲ್ಲು. ಇಬ್ಬರು ನಿಂತರೆ ಚೌಕ ಬೀಳುವುದಿಲ್ಲ.

ಜಾಗ ಮುಗಿಯಿತು.

ನಡುವಿನವಳು